ಸಿಪ್ಯಾನೆಲ್ ಜೊತೆ ಆರು ವರ್ಷ: ಲಾಗಿನ್ ಆಗದ ದಿನಗಳ ಲೆಕ್ಕ

ನಮ್ಮದು ಹನ್ನೊಂದು ಜನ ದುಡಿಯುವ ಸಣ್ಣ ಮುದ್ರಣಾಲಯ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಸ್ಮರಣ ಸಂಚಿಕೆಗಳ ಕರಡುಗಳೆಲ್ಲ ಹೋಗಿಬರುವುದು ಸ್ವಂತ ಡೊಮೇನ್‌ನ ಇಮೇಲ್ ಮೂಲಕವೇ. ಆರು ವರ್ಷಗಳಿಂದ ಜಾಲತಾಣವನ್ನೂ ಎಂಟು ಮೇಲ್‌ಬಾಕ್ಸ್‌ಗಳನ್ನೂ ಸಿಪ್ಯಾನೆಲ್ (ಜಾಲತಾಣ, ಇಮೇಲ್‌ಗಳನ್ನು ಬ್ರೌಸರ್‌ನಿಂದಲೇ ನಿರ್ವಹಿಸುವ ನಿಯಂತ್ರಣ ಫಲಕ) ಇರುವ ಶೇರ್ಡ್ ಹೋಸ್ಟಿಂಗ್‌ನಲ್ಲಿ, ಅಂದರೆ ಹಲವು ಗ್ರಾಹಕರು ಹಂಚಿಕೊಳ್ಳುವ ಬಾಡಿಗೆ ಸರ್ವರ್‌ನಲ್ಲಿ ಇಟ್ಟಿದ್ದೇವೆ. ಅದರ ಉಸ್ತುವಾರಿ ನನ್ನದು. ಇಲ್ಲಿ ಬರೆಯುವುದರಲ್ಲಿ ಬಹುಪಾಲು ಸಿಪ್ಯಾನೆಲ್ ಕೊಡುವ ಯಾವ ಹೋಸ್ಟಿಂಗ್‌ಗಾದರೂ ಅನ್ವಯಿಸುವುದರಿಂದ ನಮ್ಮ ಕಂಪನಿಯ ಹೆಸರು ಹೇಳುವ ಅಗತ್ಯ ಕಾಣುವುದಿಲ್ಲ. ವೇಗ, ಬ್ಯಾಕಪ್ ಮುಂತಾದವುಗಳ ಬಗ್ಗೆ ದೂರಿಲ್ಲ. ನನ್ನ ಸಮಯವನ್ನು ನುಂಗಿದ್ದು ಲಾಗಿನ್ ಒಂದೇ, ಮತ್ತು ‘ಪಾಸ್‌ವರ್ಡ್ ಸರಿಯಿಲ್ಲ’ ಎಂದು ನನ್ನ ಮೇಜಿಗೆ ಬಂದ ದೂರುಗಳಲ್ಲಿ ಪಾಸ್‌ವರ್ಡ್ ನಿಜಕ್ಕೂ ತಪ್ಪಾಗಿದ್ದದ್ದು ಅಪರೂಪ.

ಹೊಸಬರು ಮೊದಲು ಎಡವುವುದು ಮೂರು ಬೀಗಗಳ ನಡುವೆ. ಹಣ ಕಟ್ಟುವ ಗ್ರಾಹಕರ ಪುಟಕ್ಕೆ ಒಂದು ಪಾಸ್‌ವರ್ಡ್, ಸಿಪ್ಯಾನೆಲ್‌ಗೆ ಇನ್ನೊಂದು, ಪ್ರತಿ ಮೇಲ್‌ಬಾಕ್ಸ್‌ಗೆ ಮತ್ತೊಂದು. ಸಿಪ್ಯಾನೆಲ್ ತೆರೆಯುವುದು ಸರ್ವರ್‌ನ 2083ನೆಯ ಪೋರ್ಟ್‌ನಲ್ಲಿ (ಪೋರ್ಟ್ ಎಂದರೆ ಸಂಖ್ಯೆ ಹಾಕಿದ ಬಾಗಿಲು), ಬ್ರೌಸರ್‌ನಲ್ಲೇ ಇಮೇಲ್ ಓದುವ ವೆಬ್‌ಮೇಲ್ 2096ರಲ್ಲಿ. ಎರಡರ ಲಾಗಿನ್ ಪುಟಗಳೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. ಮೊದಲನೆಯದಕ್ಕೆ ಕಂಪನಿ ಕೊಟ್ಟ ಚಿಕ್ಕ ಖಾತೆ ಹೆಸರು ಬೇಕು, ಎರಡನೆಯದಕ್ಕೆ ಡೊಮೇನ್ ಸಮೇತ ಪೂರ್ತಿ ಇಮೇಲ್ ವಿಳಾಸ ಬೇಕು. ನಮ್ಮ ಲೆಕ್ಕದ ವಿಭಾಗದವರು ಎರಡು ವರ್ಷ ಕಳೆದ ಮೇಲೂ ವಿಳಾಸದ ಮೊದಲರ್ಧವನ್ನಷ್ಟೇ ಟೈಪ್ ಮಾಡಿ ನನ್ನನ್ನು ಕರೆಯುತ್ತಿದ್ದರು.

ನನ್ನನ್ನು ಹೆಚ್ಚು ಸತಾಯಿಸಿದ ಪ್ರಕರಣ ಬೇರೆಯದು. ಒಂದು ಮಳೆಗಾಲದಲ್ಲಿ, ಬೆಳಿಗ್ಗೆ ಕಚೇರಿ ತೆರೆದ ಅರ್ಧ ಗಂಟೆಯವರೆಗೆ ಮೇಲ್ ಸರಿಯಾಗಿ ಬರುತ್ತಿತ್ತು. ಆಮೇಲೆ ಎಲ್ಲರ ಕಂಪ್ಯೂಟರುಗಳಲ್ಲೂ ಒಮ್ಮೆಲೇ ನಿಂತುಹೋಗುತ್ತಿತ್ತು. ಸಿಪ್ಯಾನೆಲ್ ಪುಟವಾಗಲಿ, ನಮ್ಮದೇ ಜಾಲತಾಣವಾಗಲಿ ತೆರೆಯದೆ ಸುತ್ತುತ್ತಲೇ ಇರುತ್ತಿದ್ದವು. ಅದೇ ಹೊತ್ತಿಗೆ ನನ್ನ ಫೋನಿನ ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ನೋಡಿದರೆ ಎಲ್ಲವೂ ತೆರೆಯುತ್ತಿದ್ದವು. ಅಂದರೆ ಸರ್ವರ್‌ನ ಫೈರ್‌ವಾಲ್ (ಅನುಮಾನ ಬಂದ ಸಂಪರ್ಕಗಳನ್ನು ತಡೆಯುವ ಕಾವಲು ಗೋಡೆ) ನಮ್ಮ ಕಚೇರಿಯ ಐಪಿ ವಿಳಾಸವನ್ನೇ, ಅಂದರೆ ಅಂತರ್ಜಾಲದಲ್ಲಿ ನಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆಯನ್ನೇ ತಡೆಹಿಡಿದಿತ್ತು. ಸಹಾಯವಾಣಿಯವರು ಎರಡು ಸಲ ತಡೆ ತೆಗೆದು, ‘ಪಾಸ್‌ವರ್ಡ್ ಬದಲಿಸಿ’ ಎಂಬ ಸಿದ್ಧ ಉತ್ತರ ಕಳಿಸಿದರು. ಬದಲಿಸಿದೆವು, ಮರುದಿನ ಮತ್ತೆ ಅದೇ ಕಥೆ. ಯಾವ ಮೇಲ್‌ಬಾಕ್ಸ್‌ನಿಂದ ತಪ್ಪು ಪ್ರಯತ್ನ ಬರುತ್ತಿದೆ ಎಂದು ಲಾಗ್ (ಸರ್ವರ್‌ನ ದಾಖಲೆ ಪಟ್ಟಿ) ನೋಡಿ ತಿಳಿಸಿರೆಂದು ಮೂರನೆಯ ಸಲ ಒತ್ತಾಯಿಸಿದಾಗ ಒಂದೇ ಸಾಲಿನ ಉತ್ತರ ಬಂತು: ಕರಡು ಕಳಿಸುವ ಮೇಲ್‌ಬಾಕ್ಸ್, ಐಮ್ಯಾಪ್. ಐಮ್ಯಾಪ್ ಎಂದರೆ ಮೇಲ್ ಆ್ಯಪ್‌ಗಳು ಸರ್ವರ್‌ನಿಂದ ಮೇಲ್ ಓದುವ ವಿಧಾನ.

ಹುಡುಕುತ್ತ ಹೋದರೆ ಬೈಂಡಿಂಗ್ ವಿಭಾಗದಲ್ಲಿ, ಕಾಗದ ಕತ್ತರಿಸುವ ಯಂತ್ರದ ಪಕ್ಕದ ಗೂಡಿನಲ್ಲಿ, ಗಾಜು ಒಡೆದ ಹಳೆಯ ಫೋನೊಂದು ಚಾರ್ಜಿಗೆ ಅಂಟಿಕೊಂಡು ಕುಳಿತಿತ್ತು. ಹಿಂದೆ ಮಾದರಿಗಳ ಫೋಟೊ ತೆಗೆದು ಕಳಿಸಲು ಬಳಸುತ್ತಿದ್ದ ಅದರಲ್ಲಿ ಹಿಂದಿನ ವರ್ಷದ ಪಾಸ್‌ವರ್ಡ್ ಹಾಗೆಯೇ ಉಳಿದಿತ್ತು; ಅದು ಕೆಲವು ನಿಮಿಷಗಳಿಗೊಮ್ಮೆ ಸರ್ವರ್‌ನ ಬಾಗಿಲು ತಟ್ಟುತ್ತಿತ್ತು. ಬೆಳಿಗ್ಗೆ ಮೇನ್ ಸ್ವಿಚ್ ಹಾಕಿದೊಡನೆ ರೂಟರ್‌ಗೆ ಹೊಸ ಐಪಿ ಸಿಗುತ್ತಿದ್ದುದರಿಂದ ಸ್ವಲ್ಪ ಹೊತ್ತು ಎಲ್ಲವೂ ಸರಾಗ, ಅಷ್ಟರಲ್ಲಿ ಫೋನಿನ ತಪ್ಪು ಪ್ರಯತ್ನಗಳ ಎಣಿಕೆ ಮಿತಿ ಮೀರಿ ಆ ಐಪಿಯೂ ಬಂದ್. ಪಾಸ್‌ವರ್ಡ್ ಬದಲಿಸಿದಷ್ಟೂ ಸಮಸ್ಯೆ ಗಟ್ಟಿಯಾಗುತ್ತಿತ್ತೇ ಹೊರತು ಕರಗುವಂತಿರಲಿಲ್ಲ. ಆ ಫೋನಿನಿಂದ ಖಾತೆ ಅಳಿಸಿದ ಮೇಲೆ ಈ ತೊಂದರೆ ಮರುಕಳಿಸಿಲ್ಲ.

ಪುಟವೇ ತೆರೆಯದಿರುವುದು ಒಂದು ಬಗೆ. ಪುಟ ತೆರೆದು ‘ದ ಲಾಗಿನ್ ಈಸ್ ಇನ್‌ವ್ಯಾಲಿಡ್’ ಎನ್ನುವುದು ಇನ್ನೊಂದು ಬಗೆ. ಸಿಪ್ಯಾನೆಲ್‌ನೊಳಗಿನ ಕಾವಲುಗಾರನ ಹೆಸರು ಸಿಪಿಹಲ್ಕ್. ಅದು ಒಂದು ಐಪಿಯನ್ನೋ ಖಾತೆಯನ್ನೋ ತಡೆದಾಗ ತಾನು ತಡೆದಿದ್ದೇನೆಂದು ಹೇಳುವುದಿಲ್ಲ. ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಇದೇ ಸಂದೇಶ ತೋರಿಸುತ್ತದೆ. ಕಳ್ಳನಿಗೆ ಸುಳಿವು ಸಿಗಬಾರದೆಂಬ ಕಾರಣಕ್ಕೆ ಇದು ಸರಿಯೇ, ಆದರೆ ಮನೆಯವನಿಗೂ ಸುಳಿವು ಸಿಗುವುದಿಲ್ಲ. ಹಾಗಾಗಿ ಎರಡು ಸಲ ತಪ್ಪೆಂದು ಬಂದರೆ ಮೂರನೆಯ ಸಲ ಟೈಪ್ ಮಾಡದೆ ಕೈ ಕಟ್ಟಿ ಕೂರುವುದನ್ನು ಕಲಿತಿದ್ದೇನೆ.

ಕರೆಂಟು ಹೋದಾಗ ಮೊಬೈಲ್ ಹಾಟ್‌ಸ್ಪಾಟ್‌ಗೆ ಹೊರಳಿದರೆ ಐಪಿ ಬದಲಾಯಿತೆಂದು ಸಿಪ್ಯಾನೆಲ್ ನಡುವಿನಲ್ಲೇ ಹೊರಹಾಕುವುದುಂಟು. ಮತ್ತೆ ಲಾಗಿನ್ ಆದರೆ ಮುಗಿಯಿತು, ಅದು ದೋಷವಲ್ಲ. ಎರಡು ಹಂತದ ದೃಢೀಕರಣದ ಸಂಕೇತ ಒಪ್ಪಿಗೆಯಾಗದಿದ್ದರೆ ಫೋನಿನ ಗಡಿಯಾರವನ್ನು ನೋಡಿ; ಆ ಆರು ಅಂಕಿಗಳು 30 ಸೆಕೆಂಡಿಗೊಮ್ಮೆ ಬದಲಾಗುವುದು ಗಡಿಯಾರದ ಲೆಕ್ಕದಲ್ಲೇ.

ನನ್ನದೇ ತಪ್ಪೊಂದನ್ನೂ ದಾಖಲಿಸಬೇಕು. ಜಾಲತಾಣದ ಮುಂದೆ ಮಧ್ಯವರ್ತಿಯಾಗಿ (ಪ್ರಾಕ್ಸಿ) ನಿಲ್ಲುವ ಸೇವೆಯಾದ ಕ್ಲೌಡ್‌ಫ್ಲೇರ್‌ಗೆ ಡೊಮೇನನ್ನು ವರ್ಗಾಯಿಸಿದಾಗ ‘ಮೇಲ್’ ಎಂಬ ಉಪಡೊಮೇನ್‌ಗೂ ಕಿತ್ತಳೆ ಮೋಡದ ಗುರುತನ್ನು, ಅಂದರೆ ಪ್ರಾಕ್ಸಿ ಚಾಲೂ ಇದೆಯೆಂಬ ಗುರುತನ್ನು, ಹಾಗೆಯೇ ಬಿಟ್ಟೆ. ಕ್ಲೌಡ್‌ಫ್ಲೇರ್‌ನ ಪ್ರಾಕ್ಸಿ 2083 ಮತ್ತು 2096ನ್ನು ದಾಟಿಸುತ್ತದೆ, ಆದರೆ ಮೇಲ್ ಆ್ಯಪ್‌ಗಳಿಗೆ ಬೇಕಾದ 993 ಮತ್ತು 465ನ್ನು ದಾಟಿಸುವುದಿಲ್ಲ. ಹೀಗಾಗಿ ಸಿಪ್ಯಾನೆಲ್ ಮತ್ತು ವೆಬ್‌ಮೇಲ್ ತೆರೆಯುತ್ತಿದ್ದವು, ನಮ್ಮ ಕಂಪ್ಯೂಟರುಗಳ ಮೇಲ್ ಆ್ಯಪ್ ಥಂಡರ್‌ಬರ್ಡ್ ಮಾತ್ರ ಮೂಕವಾಗಿತ್ತು. ಮೋಡವನ್ನು ಬೂದು ಬಣ್ಣಕ್ಕೆ ತಿರುಗಿಸಿ ಪ್ರಾಕ್ಸಿ ನಿಲ್ಲಿಸಿದ ಮೇಲೆ ಸರಿಹೋಯಿತು. ಒಂದು ದಿನವಿಡೀ ನಾನು ಮೇಲ್‌ಬಾಕ್ಸ್‌ಗಳ ಪಾಸ್‌ವರ್ಡ್‌ಗಳನ್ನೇ ಬದಲಿಸುತ್ತ ಕೂತಿದ್ದೆ ಎಂಬುದನ್ನು ಸಂಕೋಚದಿಂದಲೇ ಬರೆಯುತ್ತಿದ್ದೇನೆ.

ಖರೀದಿಸುವವರು ಮೊದಲ ದಿನವೇ ಮಾಡಬೇಕಾದ ಕೆಲಸವೆಂದರೆ ಸಿಪ್ಯಾನೆಲ್‌ನ ಸಂಪರ್ಕ ಮಾಹಿತಿಯಲ್ಲಿ ಅದೇ ಡೊಮೇನ್‌ನ ವಿಳಾಸ ಕೊಡದೆ ಹೊರಗಿನ ಇಮೇಲ್ ಕೊಡುವುದು. ಇಲ್ಲದಿದ್ದರೆ ಪಾಸ್‌ವರ್ಡ್ ಮರುಹೊಂದಿಸುವ ಸಂಕೇತ ನೀವು ತೆರೆಯಲಾಗದ ಪೆಟ್ಟಿಗೆಗೇ ಬಂದು ಬೀಳುತ್ತದೆ.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಕಡಿತವಾದ ಅಂಕಗಳೆಲ್ಲ ಹೋಸ್ಟಿಂಗ್ ಕಂಪನಿಯ ಸಹಾಯವಾಣಿಯ ಲೆಕ್ಕಕ್ಕೆ: ಲಾಗ್‌ನ ಒಂದು ಸಾಲು ಓದಲು ಅವರು ಮೂರು ದೂರು ತೆಗೆದುಕೊಂಡರು. 2019ರಲ್ಲಿ ಸಿಪ್ಯಾನೆಲ್ ಪರವಾನಗಿ ಶುಲ್ಕ ಖಾತೆಗಳ ಸಂಖ್ಯೆಯನ್ನು ಅವಲಂಬಿಸುವಂತಾದ ಮೇಲೆ ಅನೇಕ ಕಂಪನಿಗಳು ಬೇರೆ ಪ್ಯಾನೆಲ್‌ಗಳತ್ತ ಹೊರಳಿವೆ. ನಮಗೂ ಆ ಆಹ್ವಾನ ಬಂದಿತ್ತು. ಆರು ವರ್ಷ ಕಲಿತದ್ದನ್ನು ಬಿಡಲು ಮನಸ್ಸಾಗದೆ ಈ ಸಲವೂ ನವೀಕರಿಸಿದ್ದೇನೆ, ಆದರೆ ಮೊದಲಿನಂತೆ ಮೂರು ವರ್ಷಕ್ಕಲ್ಲ, ಒಂದೇ ವರ್ಷಕ್ಕೆ.