ಮರವಂತೆಯಲ್ಲಿ ಎಂಜಿನ್ ಬಂದ್ ಮಾಡಿದ ಟಿಟಿ

ಮೇ ತಿಂಗಳ ಎರಡನೇ ಭಾನುವಾರ ಮನೆಯವರೆಲ್ಲ ಹನ್ನೊಂದು ಜನ ಉಡುಪಿಯಿಂದ ಮರವಂತೆ, ಬೈಂದೂರಿನ ಸೋಮೇಶ್ವರ, ಅಲ್ಲಿಂದ ಕೊಲ್ಲೂರಿಗೆ ಹೋಗಿ ಬಂದೆವು. ನಮ್ಮ ಪೇಟೆಯದೇ ಒಂದು ಸಣ್ಣ ಟ್ರಾವೆಲ್ಸ್‌ನ 12 ಸೀಟಿನ ಟಿಟಿ, ಅಂದರೆ ಟೆಂಪೋ ಟ್ರಾವೆಲರ್. ಕಿಲೋಮೀಟರಿಗೆ 24 ರೂಪಾಯಿ, ಡ್ರೈವರ್ ಬಾಟಾ ಬೇರೆ. ಸೀಟು ಚೊಕ್ಕವಾಗಿತ್ತು, ಹೇಳಿದ ಹೊತ್ತಿಗೆ ಗಾಡಿ ಬಂತು. ಅಷ್ಟನ್ನು ಬೇರೆಯವರೂ ಕೊಡುತ್ತಾರೆ. ಇವರದೊಂದು ಪದ್ಧತಿ ಮಾತ್ರ ನಾನು ಬೇರೆಲ್ಲೂ ಕಂಡಿಲ್ಲ: ಗಾಡಿ ನಿಂತರೆ ಎಂಜಿನ್ ಬಂದ್.

ಮರವಂತೆಯಲ್ಲಿ ಹೆದ್ದಾರಿಯ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ನದಿ. ನಾವು ನಿಲ್ಲಿಸಿದಲ್ಲಿ ಇನ್ನೂ ಮೂರು ಟೂರಿಸ್ಟ್ ಬಸ್‌ಗಳು, ಒಳಗೆ ಯಾರೂ ಇಲ್ಲ, ಎಸಿ ಮಾತ್ರ ಓಡುತ್ತಿತ್ತು. ಒಂದರ ಸೈಲೆನ್ಸರ್ ನೇರ ಬೊಂಡದ (ಎಳನೀರಿನ) ಗಾಡಿಯ ಕಡೆಗೆ. ಬೊಂಡ ಕೆತ್ತುವ ಮೊದಲು ಅಂಗಡಿಯವರು ಬೈರಾಸಿನಿಂದ (ಟವೆಲಿನಿಂದ) ಅದನ್ನು ಒರೆಸಿದರು. ಬೈರಾಸಿಗೆ ಕಪ್ಪು ಮಸಿ ಹತ್ತಿತು. ಇಡೀ ದಿನ ಅವರು ಉಸಿರಾಡುವುದೂ ಅದನ್ನೇ.

"ಎಸಿ ಯಾಕೆ ಬಂದ್ ಮಾಡಿದೆ ಮಗಾ?" ಎಂದರು ಗಾಡಿಯಲ್ಲೇ ಕುಳಿತಿದ್ದ ದೊಡ್ಡಮ್ಮ.

"ಕಿಟ್ಕಿ ತೆಗಿನಿ ಅಮ್ಮ, ಕಡ್ಲ್ ಗಾಳಿ ಬತ್ತ್" ಎಂದರು ಡ್ರೈವರ್.

ಬಂತು ಕೂಡ. ಗಡಗಡ ನಿಂತ ಮೇಲೆ ತೆರೆ ಕಲ್ಲಿಗೆ ಬಡಿಯುವ ಸದ್ದು ಗಾಡಿಯೊಳಗೇ ಕೇಳಿಸಿತು.

ಹೋದ ವರ್ಷ ಬೇರೆ ಗಾಡಿಯಲ್ಲಿ ಹೋದಾಗ ನಾವು ಊಟ ಮುಗಿಸಿ ಬರುವವರೆಗೂ, ಮುಕ್ಕಾಲು ಗಂಟೆ, ಎಂಜಿನ್ ಓಡುತ್ತಲೇ ಇತ್ತು. ಮತ್ತೆ ಸ್ಟಾರ್ಟ್ ಮಾಡಿದರೆ ಡೀಸೆಲ್ ಜಾಸ್ತಿ ಹೋಗುತ್ತದೆ ಎಂದು ಆ ಡ್ರೈವರ್ ವಾದಿಸಿದ್ದರು. ಈಗಿನ ಎಂಜಿನ್‌ಗಳಿಗೆ ಆ ಮಾತು ಸಲ್ಲದು, ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಾದರೆ ಬಂದ್ ಮಾಡುವುದೇ ಲಾಭ. ಎಸಿ ಹಾಕಿ ನಿಲ್ಲಿಸಿದರೆ ಗಂಟೆಗೆ ಒಂದು ಲೀಟರ್ ಆದರೂ ಹೋಗುತ್ತದೆ ಎಂಬುದು ಈ ಸಲದ ಡ್ರೈವರ್ ಲೆಕ್ಕ. ಆ ದಿನ ನಾವು ಒಟ್ಟು ಮೂರು ಗಂಟೆ ನಿಂತಿದ್ದೆವು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.6 ಕಿಲೋ ಇಂಗಾಲದ ಡೈಆಕ್ಸೈಡ್. ಅಂದರೆ ನಮ್ಮ ಒಂದೇ ಗಾಡಿಯಿಂದ ಎಂಟು ಕಿಲೋದಷ್ಟು ತಪ್ಪಿತು. ರಜೆಯ ದಿನ ಆ ದಂಡೆಯಲ್ಲಿ ಎಷ್ಟು ಗಾಡಿ ನಿಲ್ಲುತ್ತವೆ ಎಂಬುದು ಹೋದವರಿಗೆ ಗೊತ್ತು.

ಕೊರತೆಯೂ ಇದೆ. ಸೋಮೇಶ್ವರದಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಹತ್ತಿದಾಗ ಸೀಟು ಸುಡುತ್ತಿತ್ತು, ತಣ್ಣಗಾಗಲು ಹತ್ತು ನಿಮಿಷ ಹಿಡಿಯಿತು, ತಂಗಿಯ ಮಗು ಅತ್ತಿತು. ಗಾಡಿಯನ್ನು ಮರದ ನೆರಳಿಗೆ ಹಾಕಬಹುದಿತ್ತು. ಕಿಟಕಿಗೆ ಪರದೆ ಬೇಕೇ ಬೇಕು. ಬುಕ್ ಮಾಡುವಾಗಲೇ ಈ ಪದ್ಧತಿ ತಿಳಿಸಿದ್ದರೆ ದೊಡ್ಡಮ್ಮನಿಗೆ ಬೀಸಣಿಗೆ ತರುತ್ತಿದ್ದೆವು. ಮಾಲೀಕರಿಗೆ ಫೋನ್ ಮಾಡಿ ಹೇಳಿದೆ, ಪರದೆ ಹಾಕಿಸುತ್ತೇನೆ ಎಂದರು.

ಐದಕ್ಕೆ ನಾಲ್ಕು ಸ್ಟಾರ್. ನವರಾತ್ರಿಗೆ ಕೊಲ್ಲೂರಿಗೆ ಇದೇ ಗಾಡಿ ಹೇಳಿಟ್ಟಿದ್ದೇನೆ.