ನಾಲ್ಕು ಡಿಸ್ಕಿನ ಪುಟ್ಟ ಕ್ಯಾಬಿನೆಟ್: ಮೂರೂವರೆ ವರ್ಷದ ಬಳಕೆ, ಮತ್ತು ಇಲ್ಲದ ಎರಡು ತೂತುಗಳು

ರಾತ್ರಿ ಮನೆಯೆಲ್ಲ ಸದ್ದಡಗಿದ ಮೇಲೆ ಮಾತ್ರ ಅದು ಕೇಳಿಸುತ್ತಿತ್ತು. ಗುಂಯ್ ಎಂದು ಮೆಲ್ಲಗೆ ಏರುವುದು, ಕ್ಷಣಕಾಲ ನಿಲ್ಲುವುದು, ಇಳಿದು ಪೂರ್ತಿ ಅಡಗುವುದು, ಮತ್ತೆ ಏರುವುದು. ಒಂದೇ ಸಮನೆ ಬರುವ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ. ಹೀಗೆ ಅಲೆಯಲೆಯಾಗಿ ಬರುವ ಸದ್ದಿಗೆ ಒಗ್ಗಿಕೊಳ್ಳುವುದಿಲ್ಲ; ಇನ್ನೇನು ಹೋಯಿತು ಎನ್ನುವಷ್ಟರಲ್ಲಿ ಮುಂದಿನ ಅಲೆ ಬಂದಿರುತ್ತದೆ. ಸುಮಾರು ಎಂಟು ತಿಂಗಳು ಈ ಸದ್ದಿನ ಜೊತೆ ಮಲಗಿದ್ದೇನೆ. ಮನೆಯ ಫೋಟೊಗಳನ್ನು ಇಡುವ ನನ್ನ ಸರ್ವರ್‌ನ ಕ್ಯಾಬಿನೆಟ್ಟಿನ ಈ ವಿಮರ್ಶೆ ಬರೆಯಲು ಕೂತಿರುವುದೂ ಅದರಿಂದಾಗಿಯೇ.

ಉದ್ದ ಅಗಲ, ತೂಕ, ಯಾವ ಮದರ್‌ಬೋರ್ಡ್ ಹಿಡಿಯುತ್ತದೆ ಎಂಬುದನ್ನು ನೀವು ಈಗಾಗಲೇ ನೋಡಿರುತ್ತೀರಿ. ಮಿನಿ ಐಟಿಎಕ್ಸ್ ಎಂಬ ಪುಟ್ಟ ಅಳತೆಯ ಬೋರ್ಡ್, ಎಸ್‌ಎಫ್‌ಎಕ್ಸ್ ಎಂಬ ಸಣ್ಣ ಅಳತೆಯ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ), ಮುಂಬಾಗಿಲ ಹಿಂದೆ ಒಂದರ ಮೇಲೊಂದು ನಾಲ್ಕು ಟ್ರೇ, ಅವುಗಳ ಹಿಂದೆ ಡಿಸ್ಕ್‌ಗಳು ಸಿಕ್ಕಿಕೊಳ್ಳುವ ಕನೆಕ್ಟರ್‌ಗಳ ಹಲಗೆ, ಅಂದರೆ ಬ್ಯಾಕ್‌ಪ್ಲೇನ್, ಅದರ ಹಿಂದೆ ಫ್ಯಾನ್. ಇದೇ ಬಗೆಯ ಟ್ರೇ ಇರುವ ಕ್ಯಾಬಿನೆಟ್‌ಗಳು ಮಾರುಕಟ್ಟೆಯಲ್ಲಿ ಹಲವಿವೆ. ಆದ್ದರಿಂದ ಕಂಪನಿಯ ಹೆಸರಿಗಿಂತ ವಿನ್ಯಾಸದ ಬಗ್ಗೆ ಬರೆಯುವುದೇ ಓದುವವರಿಗೆ ಉಪಯೋಗ.

ನಾನು ಇದನ್ನು ಆರಿಸಿಕೊಳ್ಳಲು ಎರಡೇ ಕಾರಣ. ಪುಸ್ತಕದ ಕಪಾಟಿನ ಕೆಳಗಿನ ಅಂಕಣದಲ್ಲಿ ಸರಿಯಾಗಿ ಕೂರುತ್ತಿತ್ತು. ಇನ್ನೊಂದು, ಹಣದ ಬಹುಪಾಲು ಡಿಸ್ಕ್‌ಗಳಿಗೇ ಹೋಗಿ ಕ್ಯಾಬಿನೆಟ್‌ಗೆ ಉಳಿದಿದ್ದದ್ದು ಒಂದು ಡಿಸ್ಕಿನ ಅರ್ಧ ಬೆಲೆಯಷ್ಟು. ಕಪಾಟು ಇರುವುದು ನಾನು ಮಲಗುವ ಕೋಣೆಯಲ್ಲಿ. ನಿಮ್ಮ ಸರ್ವರ್ ಬೇರೆ ಕೋಣೆಯಲ್ಲಿದ್ದು ಅದರ ಬಾಗಿಲು ಮುಚ್ಚುವಂತಿದ್ದರೆ ನನ್ನ ದೂರುಗಳಲ್ಲಿ ಅರ್ಧವನ್ನು ಬಿಟ್ಟುಬಿಡಿ.

ಮೊದಲ ಒಂದೂವರೆ ವರ್ಷ ದೂರುವಂಥದ್ದು ಏನೂ ಇರಲಿಲ್ಲ. ಆಗ ಇದ್ದದ್ದು ಎರಡೇ ಡಿಸ್ಕ್, ಎರಡೂ 5400 ಆರ್‌ಪಿಎಂನವು, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವವು. ಸಂಜೆ ಮನೆಯವರ ಮೊಬೈಲ್‌ಗಳು ವೈಫೈಗೆ ಸೇರಿಕೊಂಡ ಸ್ವಲ್ಪ ಹೊತ್ತಿಗೆ ಆ ದಿನದ ಫೋಟೊಗಳು ತಾವಾಗಿಯೇ ಸರ್ವರ್‌ಗೆ ಬರುತ್ತವೆ. ಆಗ ನಿದ್ರಿಸುತ್ತಿದ್ದ ಡಿಸ್ಕ್‌ಗಳು ಏಳುವುದನ್ನು ಕೇಳುವುದೇ ಒಂದು ಹಿತ: ಮೊದಲು ಒಂದು ಸಣ್ಣ ಟಿಕ್, ಬಳಿಕ ವೇಗ ಏರುವ ಉಸಿರಿನಂಥ ಸದ್ದು, ತುಸು ಬಿಟ್ಟು ಎರಡನೆಯದರ ಟಿಕ್. ದೀಪ ಆರಿಸುವ ಮುನ್ನ ಕ್ಯಾಬಿನೆಟ್ಟಿನ ಮೇಲೆ ಅಂಗೈ ಇಟ್ಟು ನೋಡುವುದು ಆಗಲೇ ಅಭ್ಯಾಸವಾಯಿತು. ಬೆಚ್ಚಗಿದ್ದರೆ ಸರಿ, ಬಿಸಿಯಿದ್ದರೆ ಏನೋ ಇದೆ. ತಿಂಗಳ ಮೊದಲ ಭಾನುವಾರ ಸ್ಕ್ರಬ್ ನಡೆಯುತ್ತದೆ. ಅಂದರೆ ಇಟ್ಟಿರುವ ಎಲ್ಲ ಮಾಹಿತಿಯನ್ನೂ ಓದಿ, ಅದು ಕೆಟ್ಟಿಲ್ಲವೆಂದು ತಿಳಿಯಲು ಇಟ್ಟ ಅಂಕಿಯನ್ನು (ಚೆಕ್‌ಸಮ್) ತಾಳೆ ನೋಡುವ ಕೆಲಸ. ಅದನ್ನು ಶುರು ಮಾಡುವ ಮೊದಲು ಕೆಳಗಿನ ದೂಳು ಜಾಲರಿಯನ್ನು ಎಳೆದು, ತೊಳೆದು, ಒಣಗಲು ಬಿಡುತ್ತೇನೆ. ಈ ಜಾಲರಿ ಮುಂಭಾಗದಿಂದಲೇ ಡ್ರಾಯರ್‌ನಂತೆ ಜಾರಿ ಬರುತ್ತದೆ, ಕ್ಯಾಬಿನೆಟ್ಟನ್ನು ಕಪಾಟಿನಿಂದ ಹೊರಗೆ ತೆಗೆಯಬೇಕಾಗಿಲ್ಲ. ಜಾಲರಿಯನ್ನು ಹೀಗೆ ಇಟ್ಟವರು ಇದನ್ನು ತಮ್ಮ ಮನೆಯಲ್ಲೂ ಬಳಸಿದ್ದಾರೆ ಎನ್ನಿಸುತ್ತದೆ.

ಅದೇ ವಿನ್ಯಾಸಕಾರರು ಟ್ರೇಯ ವಿಷಯದಲ್ಲಿ ಹೇಗೆ ಎಡವಿದರೋ ಅರ್ಥವಾಗುವುದಿಲ್ಲ.

ಜಾಗ ಸಾಲದಾದಾಗ ದೊಡ್ಡ ಸಾಮರ್ಥ್ಯದ ಎರಡು ಡಿಸ್ಕ್ ತಂದೆ, ಎರಡೂ 7200 ಆರ್‌ಪಿಎಂ. ಟ್ರೇಗೆ ಕೂರಿಸುವಾಗಲೇ ಒಂದು ಸಂಗತಿ ಗಮನಕ್ಕೆ ಬಂದಿತ್ತು. ಇದರಲ್ಲಿ ಡಿಸ್ಕನ್ನು ಕೆಳಗಿನಿಂದಲೇ ಸ್ಕ್ರೂ ಹಾಕಿ ಬಿಗಿಯಬೇಕು, ಪಕ್ಕದ ಪಟ್ಟಿಗಳಲ್ಲಿ ತೂತಿಲ್ಲ. ಟ್ರೇಯಲ್ಲಿ ನಾಲ್ಕು ತೂತು, ಡಿಸ್ಕಿನ ಅಡಿಯಲ್ಲೂ ನಾಲ್ಕು. ಆದರೆ ಹೊಂದಿಕೊಂಡದ್ದು ಕನೆಕ್ಟರ್ ಕಡೆಯ ಎರಡು ಮಾತ್ರ. ಅವೆರಡನ್ನು ಬಿಗಿದು, ಡಿಸ್ಕ್ ಅಲುಗಾಡುವುದಿಲ್ಲ ಎಂದು ಕೈಯಿಂದ ನೋಡಿ, ಒಳಗೆ ತಳ್ಳಿದೆ. ಆ ವಾರವೇ ಸದ್ದು ಶುರುವಾಯಿತು.

ಮೊದಲು ಅನುಮಾನಿಸಿದ್ದು ಫ್ಯಾನನ್ನು. ಅದರ ತಂತಿ ಬಿಡಿಸಿ ಹತ್ತು ನಿಮಿಷ ಕಿವಿಗೊಟ್ಟೆ, ಸದ್ದು ಹಾಗೆಯೇ ಇತ್ತು. ಎಸ್‌ಎಂಪಿಎಸ್‌ನ ಪುಟ್ಟ ಫ್ಯಾನ್ ಇರಬಹುದೆಂದು ಅದನ್ನೂ ಬದಲಿಸಿದೆ, ಅದೊಂದು ದಂಡದ ಖರ್ಚಾಯಿತು. ಕಪಾಟಿನ ಹಲಗೆ ಅದುರುತ್ತಿದೆಯೇ ಎಂದು ಕ್ಯಾಬಿನೆಟ್ಟಿನ ಕಾಲಿಗೆ ದಪ್ಪ ಫೋಮ್ ಹಾಕಿದೆ. ಆಗ ಸದ್ದು ತುಸು ತಗ್ಗಿತು, ಹೋಗಲಿಲ್ಲ. ಕೊನೆಗೆ ಸುಳಿವು ಕೊಟ್ಟದ್ದು ರಾತ್ರಿ ಅಂಗೈ ಇಡುವ ಅದೇ ಅಭ್ಯಾಸ. ಮೇಲಿನ ತಗಡನ್ನು ಗಟ್ಟಿಯಾಗಿ ಒತ್ತಿ ಹಿಡಿದರೆ ಸದ್ದು ನಿಲ್ಲುತ್ತಿತ್ತು, ಕೈ ತೆಗೆದರೆ ಮರಳುತ್ತಿತ್ತು. ಹಾಗಾದರೆ ತಗಡು ಬರಿಯ ಡೋಲು, ಬಾರಿಸುವವರು ಒಳಗಿದ್ದಾರೆ.

ಡಿಸ್ಕ್‌ಗಳನ್ನು ಒಂದೊಂದಾಗಿ ನಿಲ್ಲಿಸುತ್ತಾ ಹೋದೆ. ಹಳೆಯ ಎರಡನ್ನೂ ನಿಲ್ಲಿಸಿದಾಗ ಏನೂ ಬದಲಾಗಲಿಲ್ಲ. ಹೊಸದರಲ್ಲಿ ಒಂದನ್ನು ನಿಲ್ಲಿಸಿದೊಡನೆ ಏರಿಳಿತ ಹೋಗಿ ಬರಿಯ ಸಮನಾದ ಗುಂಯ್‌ಗುಡುವಿಕೆ ಉಳಿಯಿತು. ಅದನ್ನು ತಿರುಗಲು ಬಿಟ್ಟು ಇನ್ನೊಂದನ್ನು ನಿಲ್ಲಿಸಿದರೂ ಹಾಗೆಯೇ. ಎರಡೂ ಒಟ್ಟಿಗೆ ತಿರುಗಿದಾಗ ಮಾತ್ರ ಅಲೆ. ತಂಬೂರಿಯ ಶ್ರುತಿ ಮಾಡುವುದನ್ನು ಹತ್ತಿರದಿಂದ ಕೇಳಿದವರಿಗೆ ಇದು ಕೂಡಲೇ ಹೊಳೆಯುತ್ತದೆ. ಎರಡು ತಂತಿಗಳು ಬಹುತೇಕ ಒಂದೇ ಸ್ವರಕ್ಕೆ ಬಂದು, ಕೂದಲೆಳೆಯಷ್ಟು ವ್ಯತ್ಯಾಸ ಉಳಿದಾಗ ನಾದ ಹೀಗೆಯೇ ತೂಗುತ್ತದೆ. 7200 ಆರ್‌ಪಿಎಂ ಎಂದರೆ ಸೆಕೆಂಡಿಗೆ 120 ಸುತ್ತು. ಒಂದು ಡಿಸ್ಕ್ 120 ಸುತ್ತು ತಿರುಗಿ, ಪಕ್ಕದ್ದು 120.2 ಸುತ್ತು ತಿರುಗಿದರೆ ಸಾಕು, ಐದು ಸೆಕೆಂಡಿಗೊಮ್ಮೆ ಎರಡರ ಅದುರುವಿಕೆಯೂ ಒಂದಾಗಿ ತಗಡನ್ನು ಕುಲುಕುತ್ತದೆ, ನಡುವೆ ಒಂದನ್ನೊಂದು ಅಳಿಸಿಹಾಕುತ್ತದೆ. ಗಡಿಯಾರ ಹಿಡಿದು ಎಣಿಸಿದೆ. ನನ್ನದರ ಅಲೆಯೂ ಸುಮಾರು ಐದು ಸೆಕೆಂಡಿನದೇ.

ಡಿಸ್ಕ್‌ಗಳು ಅದುರುವುದು ಅವುಗಳ ಸ್ವಭಾವ, ಅದರಲ್ಲಿ ತಪ್ಪಿಲ್ಲ. ಇಷ್ಟು ಜೋರಾಗಿ ಏಕೆ ಎಂಬುದಕ್ಕೆ ಉತ್ತರ ಸ್ಕ್ರೂ ಹಾಕದೆ ಖಾಲಿ ಬಿಟ್ಟ ಆ ತೂತುಗಳಲ್ಲಿತ್ತು. 3.5 ಇಂಚಿನ ಡಿಸ್ಕಿನ ಅಡಿಯ ತೂತುಗಳಿಗೆ ಎರಡು ಬಗೆಯ ಅಳತೆ ಇದೆ. ಹಳೆಯ ರೂಢಿಯಲ್ಲಿ ಕನೆಕ್ಟರ್ ಕಡೆಯ ತೂತಿನಿಂದ ಮುಂದಿನ ತೂತಿಗೆ 44.45 ಮಿ.ಮೀ. ದೂರ, ಇನ್ನೊಂದರಲ್ಲಿ 76.2 ಮಿ.ಮೀ., ಅಂದರೆ ಸರಿಯಾಗಿ ಮೂರು ಇಂಚು. ಸಾಮರ್ಥ್ಯ ಹೆಚ್ಚಿದಂತೆ ಡಿಸ್ಕಿನೊಳಗೆ ತಟ್ಟೆಗಳ ಸಂಖ್ಯೆ ಹೆಚ್ಚುತ್ತದೆ, ಮಧ್ಯದಲ್ಲಿ ಸ್ಕ್ರೂ ಇಳಿಯುವಷ್ಟು ಆಳ ಉಳಿಯುವುದಿಲ್ಲ. ಆದ್ದರಿಂದ ಇಂದಿನ ಹಲವು ದೊಡ್ಡ ಡಿಸ್ಕ್‌ಗಳಲ್ಲಿ ಮಧ್ಯದ ತೂತೇ ಇರುವುದಿಲ್ಲ. ಈ ಕ್ಯಾಬಿನೆಟ್ಟಿನ ಟ್ರೇಯಲ್ಲಿ ಇರುವುದು ಹಳೆಯ ಅಳತೆ ಮಾತ್ರ. ಹೀಗಾಗಿ ನನ್ನ ಎರಡು ಡಿಸ್ಕ್‌ಗಳನ್ನು ಹಿಡಿದಿದ್ದದ್ದು ಒಂದು ತುದಿ ಮಾತ್ರ. ಇನ್ನೊಂದು ತುದಿ ಬರಿಯ ತಗಡಿನ ಮೇಲೆ ಕೂತು, ಸೆಕೆಂಡಿಗೆ 120 ಸಲ ಅದನ್ನು ಕುಟ್ಟುತ್ತಿತ್ತು.

ಮನೆಯ ಸಂಗ್ರಹಕ್ಕೆಂದೇ, ನಾಲ್ಕು ದೊಡ್ಡ ಡಿಸ್ಕ್ ಹಾಕುವವರಿಗೆಂದೇ ಮಾಡಿದ ಕ್ಯಾಬಿನೆಟ್ ಇದು. ಆ ಜಾಗದಲ್ಲಿ ತಗಡು ಖಾಲಿಯಾಗಿಯೇ ಇದೆ, ಅಡ್ಡಿಯಾಗುವಂಥದ್ದು ಏನೂ ಇಲ್ಲ. ಅಚ್ಚಿನಲ್ಲಿ ಇನ್ನೆರಡು ತೂತು ಒತ್ತಿದ್ದರೆ ಮುಗಿದಿತ್ತು. ಇದನ್ನು ಕಂಡುಕೊಂಡ ದಿನ ನನಗೆ ಬಂದ ಸಿಟ್ಟು ಸಣ್ಣದಲ್ಲ. ಸದ್ದಿನ ತೊಂದರೆ ನಿದ್ದೆಗೆ ಮಾತ್ರ ಸೀಮಿತವೂ ಅಲ್ಲ. ಅದುರುವಿಕೆಗೆ, ಮಾಹಿತಿ ಓದುವ ಹೆಡ್ ತನ್ನ ಪಥದಿಂದ ಕದಲಿದರೆ ಡಿಸ್ಕ್ ಇನ್ನೊಂದು ಸುತ್ತು ಬರುವವರೆಗೆ ಕಾಯಬೇಕು. 7200 ಆರ್‌ಪಿಎಂನಲ್ಲಿ ಅದು ಪ್ರತಿ ಸಲವೂ 8.3 ಮಿಲಿಸೆಕೆಂಡು. ಒಂದು ಸಲಕ್ಕೆ ಏನೂ ಅಲ್ಲ, ಆದರೆ ಟೆರಾಬೈಟ್‌ಗಟ್ಟಲೆ ಓದುವ ಸ್ಕ್ರಬ್‌ನಲ್ಲಿ ಅದೇ ಕೂಡುತ್ತಾ ಹೋಗುತ್ತದೆ.

ಕೊನೆಗೆ ತೂತುಗಳನ್ನು ನಾನೇ ಕೊರೆದೆ. ಮಾಡುವವರಿಗೆ ಅನುಕೂಲವಾಗಲೆಂದು ವಿವರವಾಗಿ ಬರೆಯುತ್ತೇನೆ. ಟ್ರೇಯಿಂದ ಡಿಸ್ಕ್ ಬಿಚ್ಚಿ ದೂರ ಇಡಿ. ಟ್ರೇಯ ಮಧ್ಯದ ಹಳೆಯ ತೂತಿನಿಂದ ಬಾಗಿಲ ಕಡೆಗೆ 31.75 ಮಿ.ಮೀ. ಅಳೆದು, ಮೊಳೆಯಿಂದ ಚುಕ್ಕೆ ಹೊಡೆಯಿರಿ. ಚುಕ್ಕೆ ಇಲ್ಲದಿದ್ದರೆ ಡ್ರಿಲ್ ಬಿಟ್ ತಗಡಿನ ಮೇಲೆ ಜಾರುತ್ತದೆ. 4 ಮಿ.ಮೀ. ಬಿಟ್ ಸಾಕು, ಆ ತುಸು ಸಡಿಲ ಅಳತೆಯ ಸಣ್ಣ ತಪ್ಪನ್ನು ನುಂಗಿಕೊಳ್ಳುತ್ತದೆ. ತೂತಿನ ಅಂಚನ್ನು ಅರದಿಂದ ನಯ ಮಾಡಿ, ಟ್ರೇಯನ್ನು ತೊಳೆದು ಒರೆಸಿ. ಲೋಹದ ಒಂದು ಚೂರು ಬ್ಯಾಕ್‌ಪ್ಲೇನ್ ಮೇಲೆ ಬಿದ್ದರೂ ಶಾರ್ಟ್ ಆಗಬಹುದು. ಸ್ಕ್ರೂ 6-32 ಎಳೆಯದಾಗಿರಬೇಕು. 2.5 ಇಂಚಿನ ಡಿಸ್ಕಿಗೆ ಹಾಕುವ ಎಂ3 ಸ್ಕ್ರೂ ಇದರಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ಉದ್ದದ ಸ್ಕ್ರೂ ಮಾತ್ರ ಖಂಡಿತ ಬೇಡ, ಅದು ಡಿಸ್ಕನ್ನೇ ಕೆಡಿಸಬಹುದು. ಟ್ರೇಗೂ ಡಿಸ್ಕಿಗೂ ನಡುವೆ ತೆಳು ರಬ್ಬರ್ ವಾಷರ್ ಇಟ್ಟು ಬಿಗಿದೆ. ಒಂದು ಮಿಲಿಮೀಟರ್‌ಗಿಂತ ದಪ್ಪದ ವಾಷರ್ ಹಾಕಿದರೆ ಡಿಸ್ಕ್ ಮೇಲೆದ್ದು, ಕನೆಕ್ಟರ್ ಬ್ಯಾಕ್‌ಪ್ಲೇನ್‌ಗೆ ನೇರವಾಗಿ ಕೂರುವುದಿಲ್ಲ. ಜೊತೆಗೆ, ಕಾರಿನ ಬಾಗಿಲೊಳಗೆ ಅಂಟಿಸುವ ಸದ್ದುನಿರೋಧಕ ಹಾಳೆಯ ಒಂದು ತುಂಡನ್ನು ಮೇಲಿನ ತಗಡಿನ ಒಳಮೈಗೆ ಅಂಟಿಸಿದೆ.

ಆ ರಾತ್ರಿ ಕಿವಿಗೊಟ್ಟು ಕೂತೆ. ಕೇಳಿಸಿದ್ದು ಫ್ಯಾನಿನ ಗಾಳಿ ಮಾತ್ರ. ತಗಡಿಗೆ ಕಿವಿ ತಾಗಿಸಿದರೆ ಅಲೆ ಈಗಲೂ ಇದೆ, ಹಾಸಿಗೆಯವರೆಗೆ ಬರುವುದಿಲ್ಲ. ಮುಂದಿನ ತಿಂಗಳ ಸ್ಕ್ರಬ್ ಸುಮಾರು ಒಂದು ಗಂಟೆ ಬೇಗ ಮುಗಿಯಿತು.

ಅಂದಿನಿಂದ ಈ ಪೆಟ್ಟಿಗೆಯ ಮೇಲಿನ ನನ್ನ ಮುನಿಸು ಕರಗುತ್ತಾ ಬಂದಿದೆ. ಟ್ರೇ ಬಿಟ್ಟರೆ ಉಳಿದದ್ದೆಲ್ಲ ಗಟ್ಟಿ ಕೆಲಸ. ಮೂರೂವರೆ ವರ್ಷದಲ್ಲಿ ಟ್ರೇಗಳನ್ನು ಎಷ್ಟು ಸಲ ಎಳೆದು ತಳ್ಳಿದ್ದೇನೋ, ಬ್ಯಾಕ್‌ಪ್ಲೇನಿನ ಒಂದು ಕನೆಕ್ಟರ್ ಕೂಡ ಸಡಿಲವಾಗಿಲ್ಲ. ಡಿಸ್ಕ್‌ಗಳು ತಮ್ಮ ಸ್ಥಿತಿಯ ಬಗ್ಗೆ ತಾವೇ ಕೊಡುವ ಸ್ಮಾರ್ಟ್ ವರದಿಯಲ್ಲಿ 199ನೆಯ ಅಂಕಿ, ಅಂದರೆ ಕೇಬಲ್ ಅಥವಾ ಕನೆಕ್ಟರ್ ಸರಿಯಿಲ್ಲದಿದ್ದರೆ ಏರುವ ದೋಷದ ಎಣಿಕೆ, ನಾಲ್ಕರಲ್ಲೂ ಸೊನ್ನೆಯೇ ಇದೆ. ಅಗ್ಗದ ಬ್ಯಾಕ್‌ಪ್ಲೇನ್‌ಗಳಲ್ಲಿ ಮೊದಲು ಕೈಕೊಡುವುದು ಅದೇ ಜಾಗ.

ಬಿಸಿಯ ಬಗ್ಗೆ ಒಂದಿಷ್ಟು. ಬ್ಯಾಕ್‌ಪ್ಲೇನ್ ಎಂದರೆ ಗಾಳಿಯ ದಾರಿಗೆ ಅಡ್ಡ ನಿಂತ ಹಲಗೆ. ಅದರಲ್ಲಿನ ಕಿರಿದಾದ ಸೀಳುಗಳ ಮೂಲಕವೇ ಫ್ಯಾನ್ ಗಾಳಿ ಎಳೆಯಬೇಕು. ಹೀಗಾಗಿ ಎರಡನೆಯ ಮತ್ತು ಮೂರನೆಯ ಡಿಸ್ಕ್‌ಗಳು ಮೇಲಿನ, ಕೆಳಗಿನ ಡಿಸ್ಕ್‌ಗಳಿಗಿಂತ 5-6 ಡಿಗ್ರಿ ಹೆಚ್ಚು ಕಾಯುತ್ತವೆ. ಜೊತೆಗೆ ಬಂದಿದ್ದ 15 ಮಿ.ಮೀ. ದಪ್ಪದ ಫ್ಯಾನ್ ತೆಗೆದು 25 ಮಿ.ಮೀ. ದಪ್ಪದ, ಇಕ್ಕಟ್ಟಿನಲ್ಲೂ ಒತ್ತಡ ಉಳಿಸಿಕೊಳ್ಳುವ ಫ್ಯಾನ್ ಹಾಕಿದೆ. ಅದಕ್ಕಾಗಿ ಮದರ್‌ಬೋರ್ಡಿನ ದಪ್ಪ ವಿದ್ಯುತ್ ಕೇಬಲನ್ನು ಬೇರೆ ದಾರಿಯಲ್ಲಿ ತಿರುಗಿಸಬೇಕಾಯಿತು. ಈಗ ಸ್ಕ್ರಬ್ ಸಮಯದಲ್ಲೂ ಮಧ್ಯದವು 43 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಇದಕ್ಕಿಂತ ತಂಪು ಬೇಕೆಂದು ನಾನು ಹಟ ಮಾಡುವುದಿಲ್ಲ. ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ ಗೂಗಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಸಿಗೂ ಡಿಸ್ಕ್ ಕೆಡುವುದಕ್ಕೂ ಜನ ನಂಬಿದ್ದಷ್ಟು ಬಲವಾದ ನಂಟು ಕಂಡಿರಲಿಲ್ಲ. ಅದನ್ನು ಓದಿದ ಮೇಲೆ ಫ್ಯಾನಿನ ವೇಗ ತಗ್ಗಿಸಿ, ನಿದ್ದೆಯನ್ನು ಆರಿಸಿಕೊಂಡೆ.

ಹಾಗಾದರೆ ಕೊಳ್ಳಬಹುದೇ? ನಿಮ್ಮ ಬಳಿ ಮಧ್ಯದ ತೂತಿರುವ ಡಿಸ್ಕ್‌ಗಳಿದ್ದು, ಜಾಗ ಕಡಿಮೆಯಿದ್ದು, ಕೈಯಲ್ಲಿರುವ ಹಣವೂ ಅಷ್ಟಕ್ಕಷ್ಟೇ ಎಂದಾದರೆ ಹಿಂಜರಿಯದೆ ಕೊಳ್ಳಿ. ದೊಡ್ಡ ಡಿಸ್ಕ್ ಹಾಕುವವರಾಗಿದ್ದು ಡ್ರಿಲ್ ಹಿಡಿಯಲು ಮನಸ್ಸಿಲ್ಲದಿದ್ದರೆ ಬೇಡ. ಕೋಣೆಯಲ್ಲಿ ಜಾಗವಿದ್ದರೆ, ರಬ್ಬರ್ ಬಳೆಗಳಲ್ಲಿ ಡಿಸ್ಕ್ ಕೂರುವ ಸ್ವಲ್ಪ ದೊಡ್ಡ ಕ್ಯಾಬಿನೆಟ್ ನೋಡಿ. ಡಿಸ್ಕ್ ಬದಲಿಸುವಾಗ ಹಿಂದೆ ಕೈ ಹಾಕಿ ಕೇಬಲ್ ಕಳಚಬೇಕಾಗುತ್ತದೆ, ಆದರೆ ಮನೆಯಲ್ಲಿ ಅದು ವರ್ಷಕ್ಕೊಮ್ಮೆ ಬರುವ ಕೆಲಸವೂ ಅಲ್ಲ. ಯಾವುದನ್ನೇ ಕೊಳ್ಳುವುದಾದರೂ ಟ್ರೇಯ ಅಡಿಯ ಚಿತ್ರ ಸಿಗುವವರೆಗೆ ಹುಡುಕಿ, ಒಂದೊಂದು ಬದಿಗೆ ಎಷ್ಟು ತೂತಿವೆ ಎಂದು ಎಣಿಸಿ. ಎರಡಿದ್ದರೆ ಅನುಮಾನಿಸಿ, ಮೂರಿದ್ದರೆ ನೆಮ್ಮದಿ.

ನಾನಂತೂ ಬದಲಿಸುತ್ತಿಲ್ಲ. ಮೇಲಿನ ಎರಡು ಟ್ರೇಗಳಲ್ಲಿ ಇನ್ನೂ ಹಳೆಯ ಡಿಸ್ಕ್‌ಗಳೇ ಇವೆ, ಅವಕ್ಕೆ ನಾಲ್ಕು ಸ್ಕ್ರೂಗಳೂ ಸರಿಯಾಗಿ ಕೂರುತ್ತವೆ. ಆದರೂ ಕಳೆದ ತಿಂಗಳು ಜಾಲರಿ ತೊಳೆದು ಒಣಗಲು ಇಟ್ಟ ಬಿಡುವಿನಲ್ಲಿ ಆ ಟ್ರೇಗಳಿಗೂ ತೂತು ಕೊರೆದಿಟ್ಟೆ.