ಶ್ರೀರಂಗಪಟ್ಟಣ–ಮೈಸೂರು ಇತಿಹಾಸ ನಡಿಗೆ: ಒಂದು ದಿನದ ಬಸ್ಸೋ, ಎರಡು ಬೆಳಗೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎರಡು ಬೆಳಗಿಗೆ. ಒಂದು ಬೆಳಗ್ಗೆ ಶ್ರೀರಂಗಪಟ್ಟಣದ ಕೋಟೆ, ಮರುದಿನ ಮೈಸೂರಿನ ಪೇಟೆ ಮತ್ತು ಅರಮನೆ, ಎರಡಕ್ಕೂ ಬೇರೆ ಬೇರೆ ಗೈಡು. ಎದುರಾಳಿ ಯಾವುದೆಂದರೆ ಮೈಸೂರಿನಿಂದ ಹೊರಡುವ ‘ಎರಡೂ ಊರು ಒಂದೇ ದಿನ’ ಪ್ಯಾಕೇಜು. ಅದರ ಹಾಳೆಯಲ್ಲೂ ‘ನಡಿಗೆ’ ಎಂದೇ ಬರೆದಿರುತ್ತದೆ. ನಡೆಯುವುದು ಬಹುಪಾಲು ಪಾರ್ಕಿಂಗಿನಿಂದ ಟಿಕೆಟ್ ಕೌಂಟರಿನವರೆಗೆ.

ಪ್ಯಾಕೇಜಿನ ಗೈಡುಗಳು ಕೆಟ್ಟವರೇನಲ್ಲ, ಬಸ್ಸಿನ ಸೀಟೂ ಚೆನ್ನಾಗಿಯೇ ಇರುತ್ತದೆ. ಎಡವಟ್ಟೆಲ್ಲ ವೇಳಾಪಟ್ಟಿಯದು. ಬೃಂದಾವನದ ಕಾರಂಜಿಗೆ ದೀಪ ಹತ್ತುವುದು ಕತ್ತಲಾದ ಮೇಲೆ, ಅದನ್ನು ಯಾರೂ ಹಿಂದೆಮುಂದೆ ಮಾಡಲಾರರು. ಅರಮನೆ ತೆರೆಯುವುದು ಹತ್ತು ಗಂಟೆಗೆ. ಹಾಗಾಗಿ ಬೆಳಗ್ಗೆ ಚಾಮುಂಡಿಬೆಟ್ಟ, ಆಮೇಲೆ ಅರಮನೆ, ಮೃಗಾಲಯ, ಊಟ, ನಡುವೆ ಯಾರೂ ಕೇಳದ ಒಂದು ಸೀರೆ ಅಂಗಡಿ. ಇಷ್ಟೆಲ್ಲ ಮುಗಿದು ಕೆಆರ್‌ಎಸ್‌ಗೆ ಹೊರಡುವ ಮುಂಚೆ ಉಳಿಯುವ ಸಂದಿಯಲ್ಲಿ ಶ್ರೀರಂಗಪಟ್ಟಣವನ್ನು ತುರುಕುತ್ತಾರೆ.

ಆ ಹೊತ್ತಿಗೆ ರಂಗನಾಥಸ್ವಾಮಿ ದೇವಸ್ಥಾನದ ಬಾಗಿಲು ಹಾಕಿರುತ್ತದೆ. ಮತ್ತೆ ತೆರೆಯುವುದು ಸಂಜೆ ನಾಲ್ಕರ ಸುಮಾರಿಗೆ. ಕೋಟೆಯ ಗೋಡೆಯ ಮೇಲೆ ನೆರಳೆಂಬುದಿಲ್ಲ, ಹತ್ತಿ ನಿಂತರೆ ಕಲ್ಲು ಕಾಲು ಸುಡುತ್ತದೆ. ಗುಂಪು ಕೊಸರಾಡುತ್ತದೆ, ಗೈಡು ಗಡಿಯಾರ ನೋಡುತ್ತಾರೆ. ಕೊನೆಗೆ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್, ಅವನ ಸಮಾಧಿ ಗುಂಬಜ್ ತೋರಿಸಿ ಬಸ್ಸು ಹತ್ತಿಸುತ್ತಾರೆ. ಇವೆರಡೂ ಕೋಟೆಯ ಹೊರಗಿವೆ! ಸುಮಾರು 190 ವರ್ಷ ರಾಜಧಾನಿಯಾಗಿದ್ದ ಊರಿನ ಒಡಲು ಕಿಟಕಿಯಾಚೆ ಕಳೆದುಹೋಗುತ್ತದೆ.

ಇದರಿಂದ ಕಥೆಯೂ ತಲೆಕೆಳಗಾಗುತ್ತದೆ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಪಟ್ಟಣವನ್ನು ಪಡೆದರು, ದಸರಾ ಅಲ್ಲೇ ಶುರುವಾಯಿತು. 1799ರ ಮೇ 4ರಂದು ಬ್ರಿಟಿಷರ ದಾಳಿಗೆ ಟಿಪ್ಪುವಿನ ಕೋಟೆ ಬಿದ್ದ ಮೇಲೆ ರಾಜಧಾನಿ ಮೈಸೂರಿಗೆ ಮರಳಿತು. ಮೊದಲು 1912ರಲ್ಲಿ ಮುಗಿದ ಅರಮನೆ, ಆಮೇಲೆ 1799ರ ಕೋಟೆ ಎಂದು ನೋಡಿದವರಿಗೆ ಎರಡು ಊರುಗಳ ನಂಟು ತಲೆಗೆ ಹತ್ತುವುದಿಲ್ಲ. ಬೆಂಗಳೂರಿನಿಂದ ಹೊರಡುವ ಬಸ್ಸುಗಳು ದಾರಿಯಲ್ಲಿ ಪಟ್ಟಣವನ್ನೇ ಮೊದಲು ತೋರಿಸುವುದರಿಂದ ಈ ವಿಷಯದಲ್ಲಿ ಸ್ವಲ್ಪ ವಾಸಿ. ಆದರೆ ಅವೂ ಕೋಟೆಯೊಳಗೆ ನಡೆಸುವುದು ಅಪರೂಪ.

ಎರಡು ಬೆಳಗಿನ ಲೆಕ್ಕ ಹೀಗೆ. ಮೈಸೂರಿನಿಂದ ಬೆಳಗಿನ ರೈಲು ಹಿಡಿದರೆ ಅರ್ಧ ಗಂಟೆಯೊಳಗೆ ಪಟ್ಟಣ. ರೈಲು ನಿಲ್ದಾಣ ಕೋಟೆಯೊಳಗೇ ಇದೆ, ಆಟೋ ಬೇಡ. ಮೊದಲು ದೇವಸ್ಥಾನ, ಅದರ ಹತ್ತಿರ ಟಿಪ್ಪುವಿನ ಅರಮನೆ ಲಾಲ್ ಮಹಲ್ ಇದ್ದ ಬಯಲು. ಅಲ್ಲಿಂದ ಪಶ್ಚಿಮಕ್ಕೆ, ಬ್ರಿಟಿಷರು ಗೋಡೆ ಒಡೆದು ನುಗ್ಗಿದ ಜಾಗ. ನದಿಯತ್ತ ಮುಖ ಮಾಡಿ ನಿಂತರೆ ಮೇ ತಿಂಗಳೇ ಯಾಕೆ ಎಂಬುದು ತಾನಾಗಿ ತಿಳಿಯುತ್ತದೆ: ಮಳೆ ಬಿದ್ದು ಕಾವೇರಿ ತುಂಬಿದರೆ ಕಾಲ್ನಡಿಗೆಯ ಸೇನೆ ದಾಟುವ ಹಾಗಿರಲಿಲ್ಲ. ಮುಂದೆ ಉತ್ತರದ ಗೋಡೆಯ ಗುಂಟ ಬೈಲಿಯ ಸೆರೆಮನೆ, ವಾಟರ್ ಗೇಟ್, ಟಿಪ್ಪುವಿನ ದೇಹ ಸಿಕ್ಕ ಜಾಗದ ಕಲ್ಲು, ಕಡೆಗೆ ಬೆಂಗಳೂರು ಬಾಗಿಲ ಬಳಿಯ ಜೋಡಿ ಮಿನಾರಿನ ಮಸೀದಿ. ನಿಂತು ನೋಡುತ್ತ ಹೋದರೆ ಮೂರು ಗಂಟೆ. ಏಳೂವರೆಗೆ ಶುರು ಮಾಡಿದರೆ ಬಿಸಿಲೇರುವ ಮುಂಚೆ ಮುಗಿಯುತ್ತದೆ. ತಲಾ ಒಂದು ಲೀಟರ್ ನೀರು, ಟೋಪಿ, ಬಿಗಿಯಾದ ಚಪ್ಪಲಿ ಇರಲಿ. ಗೋಡೆಯ ಬದಿಯಲ್ಲಿ ಮುಳ್ಳುಗಿಡ, ಮಳೆಗಾಲದಲ್ಲಿ ಪಾಚಿ.

ದರಿಯಾ ದೌಲತ್‌ಗೆ ಮಾತ್ರ ಆಟೋ ಹಿಡಿಯಿರಿ. ಕೋಟೆ ಮುಗಿಸಿ ಅಲ್ಲಿಗೆ ಹೋಗುವುದರಲ್ಲೇ ಸ್ವಾರಸ್ಯ. ಪೊಳ್ಳಿಲೂರಿನ ಯುದ್ಧದಲ್ಲಿ 1780ರಲ್ಲಿ ಹೈದರ್–ಟಿಪ್ಪು ಸೇನೆಗೆ ಸೆರೆಸಿಕ್ಕ ಬ್ರಿಟಿಷ್ ಕರ್ನಲ್ ಬೈಲಿ ಇದೇ ಪಟ್ಟಣದಲ್ಲಿ 1782ರಲ್ಲಿ ಸತ್ತ. ಆ ಯುದ್ಧವೇ ದರಿಯಾ ದೌಲತ್‌ನ ಪಶ್ಚಿಮ ಗೋಡೆಯ ಮೇಲಿದೆ, ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಬೈಲಿ. ಸೆರೆಮನೆ ನೋಡದೆ ಈ ಚಿತ್ರ ನೋಡಿದರೆ ಅದು ಬರೀ ಕುದುರೆಗಳ ಸಂತೆ.

ಗೈಡನ್ನು ಹಿಂದಿನ ದಿನವೇ ಗೊತ್ತು ಮಾಡಿಕೊಳ್ಳಿ. ಕೇಳಬೇಕಾದ್ದು ಮೂರು: ಕೋಟೆಯ ಗೋಡೆಯ ಗುಂಟ ನಡೆಸುತ್ತೀರಾ, ಎಷ್ಟು ಹೊತ್ತು, ದುಡ್ಡು ತಲೆಗೋ ಗುಂಪಿಗೋ? ಗುಂಪಿಗೆ ಎಂದು ಒಪ್ಪಿಕೊಂಡರೆ ನಾಲ್ಕು ಜನ ಹಂಚಿಕೊಂಡಾಗ ಭಾರವೆನಿಸುವುದಿಲ್ಲ. ಕನ್ನಡದಲ್ಲಿ ಹೇಳಿ ಎಂದು ಮೊದಲೇ ಕೇಳಿ. ಬಾಯಿಪಾಠದ ಇಂಗ್ಲಿಷ್ ಬಿಟ್ಟ ಕೂಡಲೇ ಗೈಡಿನ ಮಾತಿಗೆ ಜೀವ ಬರುತ್ತದೆ.

ಮೈಸೂರಿನ ಬೆಳಗು ಸುಲಭ. ಏಳು ಗಂಟೆಗೆ ಪುರಭವನ, ದೊಡ್ಡ ಗಡಿಯಾರ, ಚಾಮರಾಜ ವೃತ್ತ, ಕೆ.ಆರ್. ವೃತ್ತ, ದೇವರಾಜ ಮಾರುಕಟ್ಟೆ, ಚಿಕ್ಕ ಗಡಿಯಾರ. ತಿಂಡಿ ಮುಗಿಸಿ ಹತ್ತಕ್ಕೆ ಅರಮನೆಯ ವರಾಹ ದ್ವಾರ. ಇಲ್ಲೊಂದು ತೊಡಕಿದೆ: ದ್ವಾರದ ಬಳಿ ಸಿಗುವ ಗೈಡುಗಳು ಸಾಮಾನ್ಯವಾಗಿ ಅರಮನೆಯೊಳಗೆ ಮಾತ್ರ ಬರುತ್ತಾರೆ, ಪೇಟೆಯ ನಡಿಗೆಗೆ ಬೇರೆಯವರೇ ಬೇಕು. ಇಬ್ಬರಿಗೆ ದುಡ್ಡು ಕೊಡಲು ಮನಸ್ಸಿಲ್ಲದಿದ್ದರೆ ಪೇಟೆಗೆ ಗೈಡು ಹಿಡಿದು ಅರಮನೆಯನ್ನು ನೀವೇ ನೋಡಿ. ಒಳಗಿನ ದಾರಿ ಹೇಗೂ ಒಂದೇ, ಜನರ ಸಾಲು ತಳ್ಳಿಕೊಂಡು ಹೋಗುತ್ತದೆ.

ಗೈಡಿನ ಯೋಗ್ಯತೆ ಅಳೆಯಲು ಆ ದ್ವಾರದ ಬಳಿಯೇ ಇರುವ ಶ್ವೇತವರಾಹಸ್ವಾಮಿ ಗುಡಿ ಸಾಕು. ಮೂರ್ತಿಯನ್ನು ತಮಿಳುನಾಡಿನ ಶ್ರೀಮುಷ್ಣದಿಂದ ತರಿಸಿದವರು ಚಿಕ್ಕದೇವರಾಜ ಒಡೆಯರು, ಅದು ಮೊದಲು ಇದ್ದದ್ದು ಶ್ರೀರಂಗಪಟ್ಟಣದಲ್ಲಿ. 1799ರ ನಂತರ, ಪೂರ್ಣಯ್ಯನವರ ದಿವಾನಗಿರಿಯಲ್ಲಿ, ಇಲ್ಲಿಗೆ ಬಂತು. ಗುಡಿಗೆ ಶಿವಮೊಗ್ಗ ಸೀಮೆಯ ಹೊಯ್ಸಳ ಕಟ್ಟಡವೊಂದರ ಕಲ್ಲುಗಳನ್ನು ಬಳಸಿದರು. ಮೈಸೂರಿನ ಹಳೇ ಕೋಟೆಯ ಕಲ್ಲುಗಳದ್ದೂ ಇಂಥದೇ ಪಯಣ: ಟಿಪ್ಪು ಅದನ್ನು ಕೆಡವಿಸಿ ನಜರಬಾದ್ ಎಂಬ ಹೊಸ ಕೋಟೆ ಕಟ್ಟಿಸಲು ಹೊರಟ, 1799ರ ಮೇಲೆ ಅವೇ ಕಲ್ಲುಗಳು ವಾಪಸು ಬಂದವು. ಈ ಹೋಗಿಬರುವಿಕೆಯನ್ನು ಹೇಳದೆ ಬಂಗಾರದ ಅಂಬಾರಿಯ ತೂಕದಿಂದ ಮಾತು ಶುರು ಮಾಡುವ ಗೈಡಿಗೆ ಅರ್ಧ ಗಂಟೆಯ ಮೇಲೆ ಹೊತ್ತು ಕೊಡಬೇಡಿ.

ಮೊಬೈಲು ಹಿಡಿದು ಒಬ್ಬರೇ ಅಲೆಯುವುದು ಮೈಸೂರಿಗೆ ಸರಿ, ಪಟ್ಟಣದ ಕೋಟೆಗೆ ಸಾಲದು. ಅಲ್ಲಿನ ಫಲಕಗಳಲ್ಲಿ ಹೆಸರು ಸಿಗುತ್ತದೆ, ಕಾರಣ ಸಿಗುವುದಿಲ್ಲ.

ಮಂಡಿನೋವಿನ ಹಿರಿಯರು, ಸಣ್ಣ ಮಕ್ಕಳು ಜೊತೆಗಿದ್ದರೆ ಬಸ್ಸೇ ಮೇಲು. ದಸರಾ ವಾರದಲ್ಲಿ ಪೇಟೆಯ ನಡಿಗೆಯ ಆಸೆ ಬಿಡಿ. ಕೈಯಲ್ಲಿರುವುದು ಒಂದೇ ಬೆಳಗು ಎನ್ನುವವರು ಶ್ರೀರಂಗಪಟ್ಟಣಕ್ಕೇ ಹೋಗಿ. ಅರಮನೆಯನ್ನು ಭಾನುವಾರ ಸಂಜೆ ದೀಪ ಹತ್ತಿದಾಗ ಹೊರಗಿನಿಂದ ನೋಡಿದರೂ ನಡೆಯುತ್ತದೆ.